ಟೇಪ್ ಹ್ಯಾಂಡಿಕ್ಯಾಮ್ ಬಿಟ್ಟು ಎಚ್‌ಡಿಗೆ ಹೋಗಬೇಕು, ಏನು ತಗೊಳ್ಳಲಿ?

ಪ್ರಶ್ನೆ, ಡೊಂಬಿವಲಿಯಿಂದ:

ಅಣ್ಣಾ, ನಮಸ್ಕಾರ. ನಮ್ಮ ಸಂಘದ ಯಕ್ಷಗಾನ, ಗಣೇಶೋತ್ಸವ, ಮಕ್ಕಳ ಡ್ಯಾನ್ಸ್ ಎಲ್ಲ ಶೂಟ್ ಮಾಡುವುದು ನಾನೇ. ಕೈಯಲ್ಲಿರುವುದು 2005ರಲ್ಲಿ ತಗೊಂಡ ಮಿನಿ ಡಿವಿ ಟೇಪ್‌ನ ಹ್ಯಾಂಡಿಕ್ಯಾಮ್. ಇಷ್ಟು ದಿನ ಯಾರೂ ತಕರಾರು ಮಾಡಿರಲಿಲ್ಲ. ಸಂಘದ ಕೋಣೆಗೆ 55 ಇಂಚಿನ ಟಿವಿ ಬಂತು ನೋಡಿ, ನನ್ನ ಮಾನ ಹೋಯಿತು. ವೇಷದವರ ಮುಖವೆಲ್ಲ ಅಡ್ಡಕ್ಕೆ ಹಿಗ್ಗಿದ ಹಾಗೆ. ದೇವಿಯ ಕೆಂಪು ಸೀರೆಯ ಬಣ್ಣ ಅಂಚು ದಾಟಿ ಪಕ್ಕಕ್ಕೆ ಹರಿದ ಹಾಗೆ. ಕಮಿಟಿಯವರು 60 ಸಾವಿರಕ್ಕೆ ಒಪ್ಪಿದ್ದಾರೆ. 4ಕೆ ಕ್ಯಾಮೆರಾನೇ ತಗೊಂಡುಬಿಡಲಾ? ಹಳೆಯದನ್ನು ಕೊಟ್ಟರೆ ಎರಡು ಸಾವಿರ ಕಡಿಮೆ ಮಾಡ್ತೇನೆ ಅಂತ ಅಂಗಡಿಯವರು ಹೇಳಿದ್ದಾರೆ. 31 ಟೇಪ್ ಹಾಗೇ ಬಿದ್ದಿವೆ.

ಉತ್ತರ:

ಹಳೆಯದನ್ನು ಕೊಡಬೇಡಿ ಮಾರಾಯ್ರೇ! ಮೊದಲು ಅದನ್ನು ಹೇಳಿ ಆಮೇಲೆ ಉಳಿದದ್ದು. ಆ 31 ಟೇಪ್ ಓಡಿಸಲು ನಿಮ್ಮ ಹತ್ತಿರ ಬೇರೆ ಯಾವ ಮಷೀನ್ ಇದೆ? ಟೇಪ್ ಉಳಿಸಲು ಎಲ್‌ಪಿ ಮೋಡ್‌ನಲ್ಲಿ ಹಾಕಿದ್ದರಂತೂ, ಅಂದರೆ 60 ನಿಮಿಷದ ಟೇಪ್‌ನಲ್ಲಿ 90 ನಿಮಿಷ ತುಂಬಿಸಿದ್ದರೆ, ಎಷ್ಟೋ ಸಲ ಅದು ರೆಕಾರ್ಡ್ ಮಾಡಿದ ಕ್ಯಾಮೆರಾದಲ್ಲೇ ಸರಿಯಾಗಿ ಓಡುವುದು. ಬೇರೆಯದಕ್ಕೆ ಹಾಕಿದರೆ ಚೌಕ ಚೌಕ ಒಡೆಯುತ್ತದೆ. ಎರಡು ಸಾವಿರಕ್ಕೆ 31 ಟೇಪ್‌ನ ಬೀಗದ ಕೈ ಮಾರಿದ ಹಾಗೆ.

ಇನ್ನು ಟಿವಿಯ ವಿಷಯ. ನಿಮ್ಮ ಡಿವಿ ಚಿತ್ರ 720 ಅಡ್ಡ, 576 ಉದ್ದ. ಗುಣಿಸಿದರೆ 4,14,720 ಚುಕ್ಕಿ. ಫುಲ್ ಎಚ್‌ಡಿ 1920ಕ್ಕೆ 1080, ಅಂದರೆ 20,73,600. ಸರಿಯಾಗಿ ಐದು ಪಟ್ಟು. ಹಳೇ ಡಬ್ಬ ಟಿವಿಯಲ್ಲಿ ಆ ನಾಲ್ಕು ಲಕ್ಷ ಚುಕ್ಕಿ ಸಾಕಾಗುತ್ತಿತ್ತು. 55 ಇಂಚಿಗೆ ಎಳೆದರೆ ಏನು ಉಳಿಯುತ್ತದೆ ಹೇಳಿ. ಮುಖ ಹಿಗ್ಗಿದ್ದು ಮಾತ್ರ ಕ್ಯಾಮೆರಾದ ತಪ್ಪಲ್ಲ. ಟಿವಿ ರಿಮೋಟ್‌ನಲ್ಲಿ ಪಿಕ್ಚರ್ ಸೈಜ್ 4:3 ಮಾಡಿ, ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಮುಖ ಸರಿಯಾಗುತ್ತದೆ. ಖರ್ಚಿಲ್ಲ.

ಕೆಂಪು ಹರಿಯುವುದು ಡಿವಿಯ ಹುಟ್ಟುಗುಣ. ನಮ್ಮ ಪಾಲ್ ಡಿವಿಯಲ್ಲಿ (ಪಾಲ್ ಅಂದರೆ ನಮ್ಮ ದೇಶದ ಟಿವಿ ಪದ್ಧತಿ) ಬಣ್ಣದ ಮಾಹಿತಿ ಬರೇ 360ಕ್ಕೆ 288. ಕಪ್ಪು ಬಿಳುಪು ಚೂಪಾಗಿರುತ್ತದೆ, ಬಣ್ಣ ಮಾತ್ರ ದಪ್ಪ ಕುಂಚದಲ್ಲಿ ಬಳಿದ ಹಾಗೆ. ಬಿಳಿ ಅಂಗಿಯ ಭಾಷಣಕಾರರ ಮೇಲೆ ಅದು ಗೊತ್ತೇ ಆಗುವುದಿಲ್ಲ. ಕೆಂಪು ಪಟ್ಟೆ, ಹಸಿರು ಮಣಿ ಇರುವ ಯಕ್ಷಗಾನದ ವೇಷದ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಎಚ್‌ಡಿಯಲ್ಲಿ ಬಣ್ಣವೇ 960ಕ್ಕೆ 540. ನಿಮಗೆ ಎಚ್‌ಡಿ ಬೇಕಾದದ್ದು ಮುಖ್ಯವಾಗಿ ಇದಕ್ಕೆ.

4ಕೆ ಬೇಡ ಅಂತ ನನ್ನ ಅಭಿಪ್ರಾಯ. ಮಿತಿ ಬಜೆಟ್‌ನ ಕ್ಯಾಮೆರಾಗಳಲ್ಲಿ ಬೆಳಕು ಹಿಡಿಯುವ ಸೆನ್ಸರ್ ಉಗುರಿನಷ್ಟೂ ಇರುವುದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಇನ್ನೂ ಜಾಸ್ತಿ ಚುಕ್ಕಿ ತುರುಕಿದರೆ ಒಂದೊಂದಕ್ಕೂ ಸಿಗುವ ಬೆಳಕು ಕಡಿಮೆ. ಹಾಲ್‌ನಲ್ಲಿ ಲೈಟ್ ಮಂಕಾದ ಕೂಡಲೇ ಪರದೆ ತುಂಬ ಇರುವೆಯಂಥ ಚುಕ್ಕಿಗಳು ಹರಿದಾಡುತ್ತವೆ. ಹೊಸ ಮನೆಬಳಕೆಯ ಹ್ಯಾಂಡಿಕ್ಯಾಮ್‌ಗಿಂತ ಮದುವೆಯವರು ಬಳಸಿ ಬಿಟ್ಟ ಒಳ್ಳೆ ಫುಲ್ ಎಚ್‌ಡಿ ಸೆಕೆಂಡ್‌ಹ್ಯಾಂಡ್ ನೋಡಿ. ಉದಾಹರಣೆಗೆ ಸೋನಿ ಎನ್‌ಎಕ್ಸ್ 100. ಒಂದು ಇಂಚಿನ ಸೆನ್ಸರ್, ಎರಡು ಕಾರ್ಡ್ ಹಾಕುವ ಜಾಗ, ಮೈಕಿಗೆ ಎಕ್ಸ್‌ಎಲ್‌ಆರ್, ಅಂದರೆ ಸೌಂಡ್‌ನವರು ಬಳಸುವ ಮೂರು ಪಿನ್‌ನ ದೊಡ್ಡ ಜಾಕ್. ಸಿಎಸ್‌ಟಿ ಹತ್ತಿರ ಬೋರಾ ಬಜಾರ್ ಕಡೆ ವಿಚಾರಿಸಿ. ಹೋಗುವಾಗ ಟಾರ್ಚ್ ಒಯ್ಯಿರಿ. ಲೆನ್ಸ್ ಒಳಗೆ ಓರೆಯಾಗಿ ಬೆಳಕು ಬಿಟ್ಟರೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಮುಂಬೈ ಮಳೆಗಾಲದ ಪ್ರಸಾದ. ಎಷ್ಟು ಅಗ್ಗ ಆದರೂ ಬೇಡ.

ಎಕ್ಸ್‌ಎಲ್‌ಆರ್ ಯಾಕೆ ಹೇಳಿದೆ ಅಂದರೆ, ಆಟ ನೋಡುವವರು ಕಿವಿಯಲ್ಲೂ ನೋಡುತ್ತಾರೆ. ಹ್ಯಾಂಡಿಕ್ಯಾಮ್‌ನ ಸದ್ದು ಆಟೋ. ಚೆಂಡೆ ಬಾರಿಸಿದ ಕೂಡಲೇ ಅದು ಹೆದರಿ ಎಲ್ಲ ಸದ್ದನ್ನೂ ಇಳಿಸುತ್ತದೆ. ಚೆಂಡೆ ನಿಂತ ಮೇಲೂ ಒಂದೆರಡು ಸೆಕೆಂಡ್ ಭಾಗವತರ ಪದ ಬಾವಿಯೊಳಗಿಂದ ಬಂದ ಹಾಗೆ. ಮ್ಯಾನ್ಯುಯಲ್ ಮಾಡಿ, ಚೆಂಡೆಯ ಜೋರಿಗೆ ಸದ್ದು ಹೊಂದಿಸಿ ಆಮೇಲೆ ಮುಟ್ಟಬೇಡಿ. ಸೌಂಡ್‌ನವರ ಮಿಕ್ಸರ್‌ನಿಂದ ವೈರ್ ಸಿಕ್ಕರೆ ಇನ್ನೂ ಒಳ್ಳೆಯದು. ಆಗ ಕ್ಯಾಮೆರಾದ ಸ್ವಿಚ್ ಮೈಕ್‌ನಲ್ಲಿ ಅಲ್ಲ, ಲೈನ್‌ನಲ್ಲಿ ಇರಬೇಕು. ಇಲ್ಲದಿದ್ದರೆ ಪೂರ್ತಿ ಕರಕರ.

ಇನ್ನೊಂದು. ಕಾರ್ಡ್‌ಗೆ ತುಂಬಿಸುವ ಎವಿಸಿಎಚ್‌ಡಿ ಪದ್ಧತಿಯಲ್ಲಿ 50ಪಿ, ಅಂದರೆ ಸೆಕೆಂಡಿಗೆ 50 ಚಿತ್ರ, ಇಟ್ಟರೆ ಸೆಕೆಂಡಿಗೆ 28 ಮೆಗಾಬಿಟ್, ಗಂಟೆಗೆ ಸುಮಾರು 12.6 ಜಿಬಿ. ತಮಾಷೆ ನೋಡಿ, ಹಳೇ ಡಿವಿಗೂ ಗಂಟೆಗೆ 13 ಜಿಬಿ. ಐದು ಪಟ್ಟು ಚಿತ್ರ ಅಷ್ಟೇ ಜಾಗದಲ್ಲಿ. ಅಷ್ಟು ಒತ್ತಿ ತುಂಬಿದ್ದನ್ನು ಬಿಚ್ಚುವ ಕೆಲಸ ಕಂಪ್ಯೂಟರ್‌ಗೆ. ಡಿವಿ ಎಡಿಟ್ ಮಾಡುತ್ತಿದ್ದ ಹಳೇ ಮಷೀನ್ ಇಲ್ಲಿ ಏದುಸಿರು ಬಿಡುತ್ತದೆ. ಆ ಖರ್ಚೂ ಕಮಿಟಿಗೆ ಈಗಲೇ ಹೇಳಿಡಿ. 25ಪಿ ಇಡಬೇಡಿ, ದಿಗಿಣ ಹಾರುವಾಗ ಕೈಕಾಲು ಕಲಸಿಹೋಗುತ್ತವೆ.

ಘಾಟ್ಕೋಪರ್‌ನಿಂದ ಒಬ್ಬರು:

ಸರ್, ನನ್ನ ತಮ್ಮ ಅಮೆರಿಕದಿಂದ ಒಂದು ಎಚ್‌ಡಿ ಕ್ಯಾಮೆರಾ ತಂದುಕೊಟ್ಟಿದ್ದಾನೆ. ಹೊರಗೆ ಚೆನ್ನಾಗಿ ಬರುತ್ತದೆ. ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣಮಿಣ ಅನ್ನುತ್ತದೆ. ಹಾಳಾಗಿದೆಯಾ?

ಉತ್ತರ:

ಹಾಳಾಗಿಲ್ಲ ಅಕ್ಕಾ. ಅಲ್ಲಿಯ ಕರೆಂಟ್ 60 ಹರ್ಟ್ಸ್, ನಮ್ಮದು 50. ಕ್ಯಾಮೆರಾ ಅಲ್ಲಿಯ ಲೆಕ್ಕದಲ್ಲಿ ಓಡುತ್ತಿದೆ. ಮೆನುವಿನಲ್ಲಿ 60ಐ/50ಐ ಅಥವಾ ಎನ್‌ಟಿಎಸ್‌ಸಿ/ಪಾಲ್ (ಮೊದಲನೆಯದು ಅಲ್ಲಿಯದು, ಎರಡನೆಯದು ನಮ್ಮದು) ಅಂತ ಇದ್ದರೆ ನಮ್ಮದಕ್ಕೆ ಬದಲಿಸಿ. ಇಲ್ಲದಿದ್ದರೆ ಶಟರ್ 1/50 ಅಥವಾ 1/100 ಇಡಿ, ಬಹಳಷ್ಟು ಹೋಗುತ್ತದೆ. ಡೊಂಬಿವಲಿಯವರೇ, ನೀವೂ ಅಲ್ಲಿಂದ ತರಿಸುವ ಯೋಚನೆ ಇದ್ದರೆ ಇದನ್ನು ನೋಡಿಕೊಳ್ಳಿ. ಎಷ್ಟೋ ಹ್ಯಾಂಡಿಕ್ಯಾಮ್‌ಗಳಲ್ಲಿ ಈ ಬದಲಾವಣೆಯೇ ಇರುವುದಿಲ್ಲ.

ಪುಣೆಯಿಂದ ಒಬ್ಬರು:

ಸುಮ್ನೆ ಒಂದು ಒಳ್ಳೆ ಫೋನ್ ತಗೊಂಡರೆ ಆಗಲ್ವಾ? ಈಗ ಎಲ್ಲರೂ ಅದರಲ್ಲೇ ಮಾಡ್ತಾರೆ.

ಉತ್ತರ:

ಮಕ್ಕಳ ಬರ್ತ್‌ಡೇಗೆ ಧಾರಾಳ ಆಗುತ್ತದೆ. ಮೂರು ಗಂಟೆಯ ಆಟಕ್ಕೆ, ಹಾಲ್‌ನ ಹಿಂದಿನ ಸಾಲಿನಿಂದ ಜೂಮ್ ಮಾಡಿ, ಮಧ್ಯೆ ಬಿಸಿಯಾಗದೆ, ಫೋನ್ ಬರದೆ? ನೀವೇ ಹೇಳಿ.

ಪ್ರಶ್ನೆ, ಮತ್ತೆ ಡೊಂಬಿವಲಿಯಿಂದ:

ಅಣ್ಣಾ, ಹಳೆಯದು ಕೊಡುವುದಿಲ್ಲ, ನಿಶ್ಚಯ. ಆದರೆ ಟೇಪ್ ಎಲ್ಲ ಡಿವಿಡಿ ಮಾಡಿಸಲಾ? ನನ್ನ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಹಾಕಿದರೆ ಫೋಟೋ ಮಾತ್ರ ಬರುತ್ತದೆ. ಮತ್ತೆ ಒಂದು ಅನುಮಾನ: ಅದೇ ಟೇಪ್‌ನಲ್ಲಿ ಎಚ್‌ಡಿ ಬರುವ ಕ್ಯಾಮೆರಾ ಇದೆ ಅಂತಾರಲ್ಲ?

ಉತ್ತರ:

ಅದು ಎಚ್‌ಡಿವಿ. 2003ರಲ್ಲಿ ಬಂದ ಪದ್ಧತಿ, ಮಿನಿ ಡಿವಿ ಟೇಪ್‌ನಲ್ಲೇ 1440ಕ್ಕೆ 1080. ಟೇಪ್ ದಂಡ ಆಗುವುದಿಲ್ಲ ಅಂತ ನಾನೂ ಮರುಳಾಗಿದ್ದೆ. ಒಂದು ಮದುವೆಯಲ್ಲಿ ಹಳೇ ಟೇಪ್ ಮೇಲೆ ಮತ್ತೆ ತುಂಬಿಸಿದೆ. ಡಿವಿಯಲ್ಲಿ ಟೇಪ್‌ಗೆ ಗೀರು ಬಿದ್ದರೆ ಒಂದು ಫ್ರೇಮ್‌ನಲ್ಲಿ ಸಣ್ಣ ಚೌಕ, ಯಾರಿಗೂ ಕಾಣದು. ಎಚ್‌ಡಿವಿಯಲ್ಲಿ 12 ಫ್ರೇಮ್ ಒಂದು ಕಟ್ಟು, ಒಂದು ಕೆಟ್ಟರೆ ಸುಮಾರು ಅರ್ಧ ಸೆಕೆಂಡ್ ಮಾಯ. ಧಾರೆಯ ನೀರು ತಂಬಿಗೆಯ ಬಾಯಿಂದ ಹೊರಟಿತು, ಗಾಳಿಯಲ್ಲೇ ನಿಂತಿತು, ಆಮೇಲೆ ನೇರ ಕೈಮೇಲೆ. ಹುಡುಗಿಯ ಅಮ್ಮ ಮೂರು ಸಲ ಹಿಂದಕ್ಕೆ ಹೋಗಿ ನೋಡಿದರು. ತಪ್ಪು ನನ್ನದೇ. ಅಂದಿನಿಂದ ಟೇಪ್‌ನಲ್ಲಿ ಎಚ್‌ಡಿ ಬೇಡ ಅಂತ ಕಾರ್ಡ್‌ಗೆ ಬಂದೆ, ಅದೂ ಎರಡು ಕಾರ್ಡ್‌ನಲ್ಲಿ ಒಟ್ಟಿಗೆ. ನಿಮ್ಮ ಟೇಪ್‌ಗಳನ್ನು ಇನ್ನು ಓಡಿಸಲು ಮಾತ್ರ ಬಳಸಿ.

ಡಿವಿಡಿ ಬೇಡ. ಅದು ಇನ್ನಷ್ಟು ಹಿಂಡಿ ಇಡುತ್ತದೆ. ನಿಮ್ಮ ಟೇಪ್‌ನಲ್ಲಿರುವುದು ಆಗಲೇ ಡಿಜಿಟಲ್. ಕ್ಯಾಮೆರಾದಲ್ಲಿ ಐ-ಲಿಂಕ್ ಅಂತ ಬರೆದ ಸಣ್ಣ ನಾಲ್ಕು ಪಿನ್ ಇರಬೇಕು ನೋಡಿ, ಅದೇ ಫೈರ್‌ವೈರ್. ಅದರಿಂದ ತೆಗೆದರೆ ಇದ್ದದ್ದು ಇದ್ದ ಹಾಗೇ ಕಾಪಿ. ಹಳದಿ ಕೆಂಪು ಬಿಳಿ ವೈರ್‌ನಿಂದ ತೆಗೆದರೆ ಒಮ್ಮೆ ಅನಲಾಗ್ ಆಗಿ ಮತ್ತೆ ಡಿಜಿಟಲ್, ಅಲ್ಲೇ ಸೋರಿಕೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಇಲ್ಲ. ಲ್ಯಾಮಿಂಗ್ಟನ್ ರೋಡ್‌ನಲ್ಲಿ ಡೆಸ್ಕ್‌ಟಾಪ್‌ಗೆ ಹಾಕುವ ಫೈರ್‌ವೈರ್ ಕಾರ್ಡ್ ಕೇಳಿ. ವೈರ್ ಚುಚ್ಚುವಾಗ ಎರಡೂ ಆಫ್ ಇರಲಿ. ಒಂದು ಗಂಟೆಯ ಟೇಪ್‌ಗೆ ಒಂದು ಗಂಟೆ ಬೇಕು, ಬೇಗ ಆಗುವ ಉಪಾಯ ಇಲ್ಲ. 31 ಟೇಪ್‌ಗೆ 400 ಜಿಬಿ ಆಸುಪಾಸು. ಒಂದು ಟಿಬಿಯ ಡಿಸ್ಕ್ ಎರಡು ತಗೊಳ್ಳಿ, ಒಂದು ಸಂಘದಲ್ಲಿ, ಒಂದು ನಿಮ್ಮ ಮನೆಯಲ್ಲಿ. ಕಾಪಿ ಮಾಡುವ ಮೊದಲು ಪ್ರತಿ ಟೇಪನ್ನೂ ಕೊನೆಯವರೆಗೆ ಮುಂದಕ್ಕೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಅಂಟಿಕೊಂಡಿರುತ್ತದೆ.

ಎರಡು ವಾರದ ಮೇಲೆ, ಡೊಂಬಿವಲಿಯಿಂದ:

ಕಾರ್ಡ್ ಸಿಕ್ಕಿತು ಅಣ್ಣಾ. ಮೊದಲ ಟೇಪ್ ಹಾಕಿದೆ. ಸದ್ದು ಇಲ್ಲ, ಚಿತ್ರದಲ್ಲಿ ಅಡ್ಡಕ್ಕೆ ಪಟ್ಟಿ ಪಟ್ಟಿ ಚೌಕ. ಟೇಪ್ ಸತ್ತುಹೋಯಿತಾ?

ಉತ್ತರ:

ಟೇಪ್ ಅಲ್ಲ, ಕ್ಯಾಮೆರಾದೊಳಗೆ ಟೇಪ್ ಓದುವ ಹೆಡ್‌ನಲ್ಲಿ ಕೊಳೆ. ಕ್ಲೀನಿಂಗ್ ಕ್ಯಾಸೆಟ್ ಹಾಕಿ 10 ಸೆಕೆಂಡ್ ಓಡಿಸಿ, ಹೆಚ್ಚು ಬೇಡ, ಅದು ಹೆಡ್ ಸವೆಸುತ್ತದೆ. ಆಮೇಲೆ ಅದೇ ಟೇಪ್ ಹಾಕಿ ನೋಡಿ.

ಡೊಂಬಿವಲಿಯಿಂದ:

ಬಂತು! ಚೆಂಡೆ ಸಮೇತ. ಇನ್ನು 30 ಇವೆ.