ವಿಲ್ಕೋ ಬ್ಯಾಂಡ್ ರೆಕಾರ್ಡ್ ಕಂಪನಿ ಎದುರು ಗೆದ್ದಿತಾ? ಹಾಸ್ಟೆಲ್ ಗುಂಪಲ್ಲಿ ರಾತ್ರಿಯೆಲ್ಲಾ ಜಗಳ

ಮಂಜ: ಎಲ್ರೂ ಇದನ್ನ ಒಂದ್ಸಲ ನೋಡಿ, ಶಿಕಾಗೋದ ವಿಲ್ಕೋ ಬ್ಯಾಂಡ್ ಬಗ್ಗೆ ವಿಡಿಯೋ. ರಿಪ್ರೈಸ್ ಅನ್ನೋ ರೆಕಾರ್ಡ್ ಕಂಪನಿ ಇವ್ರ ಆಲ್ಬಮ್ ಬೇಡ ಅಂತು, ಇವ್ರು ತಮ್ಮ ವೆಬ್‌ಸೈಟಲ್ಲಿ ಫ್ರೀಯಾಗಿ ಕೇಳಿಸಿಬಿಟ್ರು, ಕೊನೆಗೆ ಅದೇ ಆಲ್ಬಮ್ ಇವ್ರಿಗೆ ಹೆಸ್ರು ತಂತು. ಕಲಾವಿದ್ರಿಗೆ ಕಂಪನಿ ಬೇಕಾಗಿಲ್ಲ ಅನ್ನೋದಕ್ಕೆ ಇನ್ನೇನು ಪುರಾವೆ ಬೇಕು

ಶೆಟ್ಟಿ: ನೋಡಿದೆ ಮಾರಾಯ, ಮೈ ಜುಂ ಅಂತು

ಗಿರಿ: ನಾನೂ ನೋಡ್ದೆ. ಹೇಳಿರೋದು ಸುಳ್ಳಲ್ಲ, ಆದ್ರೆ ಮುಖ್ಯವಾದ್ದನ್ನೇ ಬಿಟ್ಟಿದಾನೆ. 2001ರಲ್ಲಿ ರಿಪ್ರೈಸ್ ಅವ್ರು ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್ ಅನ್ನೋ ಆ ಆಲ್ಬಮ್ ರಿಲೀಸ್ ಮಾಡಲ್ಲ ಅಂದಿದ್ದು ಸರಿ, ಕೊನೆಗೆ ಆಲ್ಬಮನ್ನ ಪುಕ್ಕಟೆ ವಾಪಸ್ ಕೊಟ್ಟಿದ್ದೂ ಸರಿ, ಸೆಪ್ಟೆಂಬರ್ 18ಕ್ಕೆ ವೆಬ್‌ಸೈಟಲ್ಲಿ ಬಂದಿದ್ದೂ ಸರಿ, ಆದ್ರೆ 2002 ಏಪ್ರಿಲಲ್ಲಿ ಅದನ್ನ ಅಂಗಡಿಗೆ ತಂದಿದ್ದು ಯಾರು? ನಾನ್‌ಸಚ್ ಅನ್ನೋ ಇನ್ನೊಂದು ರೆಕಾರ್ಡ್ ಕಂಪನಿ. ಅದ್ಯಾರ್ದು? ರಿಪ್ರೈಸ್ ಥರಾನೇ ವಾರ್ನರ್ ಅನ್ನೋ ದೊಡ್ಡ ಕಂಪನಿ ಮನೇದು. ಒಬ್ಬನೇ ಯಜಮಾನ ಒಂದೇ ಆಲ್ಬಮಿಗೆ ಎರಡು ಸಲ ದುಡ್ಡು ಕೊಟ್ಟ. ಇದ್ರಲ್ಲಿ ಕಂಪನಿ ಬೇಡ ಅನ್ನೋದು ಎಲ್ಲಿಂದ ಬಂತು

ಮಂಜ: ಜನ ಮೊದ್ಲು ಕೇಳಿದ್ದು ಫ್ರೀಯಾಗಿ ತಾನೇ? ಆಗ ದೊಡ್ಡ ಕಂಪನಿಗಳು ಇಂಟರ್‌ನೆಟ್ಟಲ್ಲಿ ಹಾಡು ಫ್ರೀಯಾಗಿ ಹಂಚ್ಕೊಳ್ಳೋ ನ್ಯಾಪ್‌ಸ್ಟರ್ ಮೇಲೆ ಕೇಸ್ ಹಾಕ್ಕೊಂಡು ಕೂತಿದ್ವು, ಇವ್ರು ತಾವೇ ಬಾಗ್ಲು ತೆಗೆದಿಟ್ರು. ಅಷ್ಟಾದ್ಮೇಲೂ 5 ಲಕ್ಷಕ್ಕಿಂತ ಹೆಚ್ಚು ಪ್ರತಿ ಖರ್ಚಾಯ್ತು. ಅದು ಧೈರ್ಯ ಅಲ್ವೇನೋ

ರಶ್ಮಿ: ಧೈರ್ಯ ಹೌದು ಮಂಜ. ನಾನಿಲ್ಲಿ ಶಿಕಾಗೋಗೆ ಬಂದ್ಮೇಲೆ ಒಂದು ವಿಷ್ಯ ತುಂಬಾ ಕಾಡುತ್ತೆ, ಆ ಆಲ್ಬಮ್ ಕವರಲ್ಲಿರೋದು ನದಿ ದಂಡೆ ಮೇಲಿರೋ ಮರೀನಾ ಸಿಟಿ, ಎರಡು ಗುಂಡನೆ ಕಟ್ಟಡ, ಇಲ್ಲಿನೋರು ಜೋಳದ ತೆನೆ ಅಂತಾರೆ. ಆಲ್ಬಮ್ ಮೊದ್ಲು ಬರ್ಬೇಕು ಅಂತ ಇದ್ದ ದಿನ 2001 ಸೆಪ್ಟೆಂಬರ್ 11. ಹೊರಗೆ ಅವಳಿ ಕಟ್ಟಡದ ಚಿತ್ರ, ಒಳಗೆ ಅಮೆರಿಕದ ಬಾವುಟಗಳ ಬೂದಿ ಅಂತ ಹಾಡು, ಎಲ್ಲಾ ಆ ದಿನಕ್ಕಿಂತ ಎಷ್ಟೋ ಮೊದ್ಲೇ ಮಾಡಿಟ್ಟಿದ್ದು. ಆಮೇಲೆ ಒಂದೇ ವಾರಕ್ಕೆ ಇಂಟರ್‌ನೆಟ್ಟಲ್ಲಿ ಬಂತು. ಆ ವಾರ ಮನೇಲಿ ಒಬ್ರೇ ಕೂತು ಅದನ್ನ ಕೇಳಿದೋರಿಗೆ ಹೇಗಾಗಿರ್ಬೇಡ ಹೇಳು

ಶೆಟ್ಟಿ: ಅದು ಗೊತ್ತೇ ಇರ್ಲಿಲ್ಲ

ಗಿರಿ: ನಂಗೆ ಕಾಡೋದು ಜೇ ಬೆನೆಟ್. ನಿನ್ನ ವಿಡಿಯೋದಲ್ಲಿ ಅವ್ನ ಹೆಸ್ರೇ ಇಲ್ಲ ಮಂಜ, ಅದಕ್ಕೇ ಸಿಟ್ಟು ಬಂದಿದ್ದು. ವಿಸಿಆರ್ ರಿಪೇರಿ ಮಾಡ್ತಿದ್ದೋನು ಬ್ಯಾಂಡಿಗೆ ಬಂದ. ಮೊದಲ ಆಲ್ಬಮ್ ಎ.ಎಂ. 1995ದು, ಪಕ್ಕಾ ಕಂಟ್ರಿ ರಾಕ್, ಅದನ್ನ ಕೇಳಿ ಆಮೇಲೆ 1999ರ ಸಮ್ಮರ್‌ಟೀತ್ ಕೇಳು, ಒಂದೇ ಬ್ಯಾಂಡ್ ಅಂದ್ರೆ ನಂಬಲ್ಲ, ಆ ಕೀಬೋರ್ಡು, ಆ ಪದರ ಪದರ ಸೌಂಡು, ಬ್ಯಾಂಡಿನ ಮುಖ್ಯ ಹಾಡುಗಾರ ಜೆಫ್ ಟ್ವೀಡಿ ಜೊತೆ ಸ್ಟುಡಿಯೋದಲ್ಲಿ ಕೂತು ಕಟ್ಟಿದ್ದು ಬೆನೆಟ್ಟೇ. ಯಾಂಕೀದಲ್ಲೂ ಅರ್ಧಕ್ಕಿಂತ ಹೆಚ್ಚು ಹಾಡಿಗೆ ಅವ್ನ ಹೆಸ್ರಿದೆ. ಆಲ್ಬಮ್ ಮುಗೀತಿದ್ದಂಗೇ ಅವ್ನನ್ನ ಹೊರಗೆ ಹಾಕಿದ್ರು. ಅದಕ್ಕೂ ಮೊದ್ಲು ಡ್ರಮ್ಮರ್ ಕೆನ್ ಕೂಮರ್‌ನ ತೆಗೆದು ಗ್ಲೆನ್ ಕೋಚೆನ ತಂದಿದ್ರು. ಬೆನೆಟ್ 2009ರಲ್ಲಿ ಹೋಗ್ಬಿಟ್ಟ, 45 ವರ್ಷಕ್ಕೆ, ನೋವಿನ ಔಷಧಿ ಜಾಸ್ತಿಯಾಗಿ. ಕಂಪನಿ ಎದುರು ಗೆದ್ರು ಅಂತೀಯಲ್ಲ, ಗೆದ್ದ ದಿನ ಅವ್ನು ಎಲ್ಲಿದ್ದ

ಶೆಟ್ಟಿ: ಆದ್ರೆ ಗಿರಿ, ಸ್ಯಾಮ್ ಜೋನ್ಸ್ ಮಾಡಿದ ಡಾಕ್ಯುಮೆಂಟರಿಲಿ ನೋಡಿದೆಯಲ್ಲ, ಒಂದು ಹಾಡಿಂದ ಇನ್ನೊಂದು ಹಾಡಿಗೆ ಹೋಗೋ ಆ ಸಣ್ಣ ಜಾಗಕ್ಕೆ ಬೆನೆಟ್ ಎಷ್ಟು ಹೊತ್ತು ಎಳೆದಾಡ್ತಾನೆ. ಟ್ವೀಡಿಗೆ ಮೊದ್ಲೇ ಮೈಗ್ರೇನ್, ವಾಂತಿ ಮಾಡ್ಕೊಳ್ತಾನೆ. ಇಬ್ರು ಮೇಸ್ತ್ರಿ ಸೇರಿ ಒಂದು ಗೋಡೆ ಕಟ್ಟೋಕಾಗಲ್ಲ ಮಾರಾಯ, ಮಿಕ್ಸಿಂಗಿಗೆ ಜಿಮ್ ಒ'ರೂರ್ಕ್ ಬಂದು ಆ ಪದರಗಳನ್ನೆಲ್ಲಾ ಕಿತ್ತು ಹಾಕಿದ್ರಿಂದಾನೇ ಅದು ಆ ಆಲ್ಬಮ್ ಆಗಿದ್ದು

ಗಿರಿ: ಕಿತ್ತು ಹಾಕೋಕೆ ಮೊದ್ಲು ಯಾರಾದ್ರೂ ಕಟ್ಟಿರ್ಬೇಕಲ್ವಾ

ರಶ್ಮಿ: ಇನ್ನೂ ಹಿಂದಕ್ಕೆ ಹೋಗಿ ಇಬ್ರೂ. ಟ್ವೀಡಿ ಮೊದ್ಲಿದ್ದಿದ್ದು ಅಂಕಲ್ ಟುಪೆಲೊ ಅನ್ನೋ ಬ್ಯಾಂಡಲ್ಲಿ, ಇದೇ ಇಲಿನಾಯ್‌ನ ಬೆಲ್‌ವಿಲ್ ಊರಲ್ಲಿ ಜೇ ಫರಾರ್ ಜೊತೆ ಸೇರಿ ಕಟ್ಟಿದ್ದು. 1994ರಲ್ಲಿ ಫರಾರ್ ನಂಗೆ ಸಾಕು ಅಂತ ಎದ್ದು ಹೋದ, ಉಳಿದೋರು ಸೇರಿ ವಿಲ್ಕೋ ಆದ್ರು. ಬಿಟ್ಟು ಹೋದಾಗ ಹೇಗಿರುತ್ತೆ ಅಂತ ಗೊತ್ತಿದ್ದೋನೇ 7 ವರ್ಷ ಆದ್ಮೇಲೆ ಇನ್ನೊಬ್ರನ್ನ ಕಳಿಸಿದ. ಸುಲಭವಾಗಿ ಮಾಡಿರ್ತಾನೆ ಅಂತ ನಂಗನ್ಸಲ್ಲ ಗಿರಿ

ಮಂಜ: ಸರಿ ಒಪ್ಪಿದೆ, ವಿಡಿಯೋ ಅರ್ಧಂಬರ್ಧ. ಆದ್ರೆ ಗಿರಿ ಹೇಳೋದ್ರಲ್ಲೂ ಒಂದು ಸತ್ಯ ಇದೆ, ಬೆನೆಟ್ ಹೋದ್ಮೇಲೆ ಬೆಂಕಿ ಆರೋಯ್ತು. 2007ರ ಸ್ಕೈ ಬ್ಲೂ ಸ್ಕೈ ನಂಗೆ ಹಿಡಿಸ್ಲೇ ಇಲ್ಲ

ಶೆಟ್ಟಿ: ನಡುವೆ 2004ರ ಎ ಗೋಸ್ಟ್ ಈಸ್ ಬಾರ್ನ್ ಇದೆ, ಗ್ರ್ಯಾಮಿ ಬಂತು. ಅದ್ರಲ್ಲಿ ಒಂದು ಹಾಡು 15 ನಿಮಿಷ, ಬಹುಪಾಲು ಬರೀ ಗುಂಯ್ ಅನ್ನೋ ಸದ್ದು, ಟ್ವೀಡಿ ತನ್ನ ತಲೆನೋವು ಹೇಗಿರುತ್ತೆ ಅಂತ ತೋರ್ಸೋಕೆ ಮಾಡಿದ್ದು. ಅದೇ ವರ್ಷ ನೋವಿನ ಮಾತ್ರೆ ಚಟ ಬಿಡ್ಸೋಕೆ ಆಸ್ಪತ್ರೆ ಸೇರಿದ. ಬೆಂಕಿ ಬೆಂಕಿ ಅಂತೀಯಲ್ಲ, ಅದ್ರೊಳಗೆ ಇದ್ದೋನ್ನ ಕೇಳು. ಆಮೇಲೆ ನೆಲ್ಸ್ ಕ್ಲೈನ್, ಪ್ಯಾಟ್ ಸ್ಯಾನ್ಸೋನ್ ಬಂದ್ರು, ಅವತ್ತಿಂದ ಅದೇ 6 ಜನ. 2011ಕ್ಕೆ ಡಿಬಿಪಿಎಂ ಅಂತ ಸ್ವಂತ ರೆಕಾರ್ಡ್ ಕಂಪನಿನೂ ಶುರುಮಾಡಿದ್ರು ಮಂಜ, ನಿನ್ನ ವಾದಕ್ಕೆ ಪುರಾವೆ ಬೇಕಿದ್ರೆ ಅದನ್ನ ಹೇಳು, 2001ದಲ್ಲ

ಗಿರಿ: 6 ಜನ ಒಟ್ಟಿಗಿರೋದು ದೊಡ್ಡದೇ. ಆದ್ರೆ ನಾನು ಇಷ್ಟೊತ್ತು ಯಾಕೆ ಹೊಡೆದಾಡ್ತಿದೀನಿ ಅಂದ್ರೆ, ಕೊನೇ ವರ್ಷದ ಕಲ್ಚರಲ್ ಫೆಸ್ಟಿಗೆ ಎರಡು ವಾರ ಇದ್ದಾಗ ನಾವು ಪಾಚನ್ನ ಕೀಬೋರ್ಡಿಂದ ತೆಗೆದ್ವಿ. ಪ್ರತಿ ಹಾಡಲ್ಲೂ ತಿದ್ದುಪಡಿ ಹೇಳ್ತಾನೆ ಅಂತ. ಆ ಟ್ಯೂನೆಲ್ಲಾ ಅವ್ನೇ ಕೂರ್ಸಿದ್ದು, ಪ್ರೈಜ್ ನಾವು ತಗೊಂಡ್ವಿ. ಇಲ್ಲೇ ಗುಂಪಲ್ಲಿದಾನೆ. ಅವತ್ತೇ ಹೇಳ್ಬೇಕಿತ್ತು, ತಪ್ಪಾಯ್ತು ಪಾಚ

ಶೆಟ್ಟಿ: ನಾನೂ ಇದ್ದೆ ಅದ್ರಲ್ಲಿ. ತಪ್ಪಾಯ್ತು

ಪಾಚ: ಎಲ್ಲಾ ಓದ್ತಿದೀನಿ ಕಣ್ರೋ, ಮಗು ಮಲಗಿಸ್ತಿದ್ದೆ. ಬೇಜಾರಾಗಿತ್ತು, ಇಲ್ಲ ಅನ್ನಲ್ಲ, ಎರಡು ವರ್ಷ ಕೀಬೋರ್ಡ್ ಮುಟ್ಲಿಲ್ಲ. ಆದ್ರೆ ಗಿರಿ, ಬೆನೆಟ್ ಮೇಲಿನ ಪ್ರೀತಿಗೆ ಆಮೇಲಿನ ವಿಲ್ಕೋನ ಕಡೆಗಣಿಸ್ಬೇಡ. ಸ್ಕೈ ಬ್ಲೂ ಸ್ಕೈ ನನ್ನ ಆಲ್ಬಮ್. ಅದ್ರ ಇಂಪಾಸಿಬಲ್ ಜರ್ಮನಿ ಹಾಡಲ್ಲಿ ಕ್ಲೈನ್ ಗಿಟಾರ್ ಸೋಲೋ ಶುರುಮಾಡಿದಾಗ ಉಳಿದೋರು ಅವ್ನಿಗೆ ಎಷ್ಟು ಜಾಗ ಬಿಡ್ತಾರೆ ಕೇಳು, ಆಮೇಲೆ ಉಳಿದ ಗಿಟಾರುಗಳು ಬಂದು ಜೊತೆ ಸೇರ್ತವೆ, ಯಾರೂ ಯಾರನ್ನೂ ತುಳಿಯಲ್ಲ. ನಮ್ಗೆ ಅವತ್ತು ಬರ್ದೇ ಇದ್ದಿದ್ದು ಅದೇ, ನಂಗೂ ಬರ್ತಿರ್ಲಿಲ್ಲ. ಮಂಜ, ಆ ಹಾಡು ಹಾಕ್ತಿದೀನಿ, ಇಯರ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳು

ಮಂಜ: ಕೇಳ್ತೀನಿ, ಈಗ್ಲೇ

ಪಾಚ: ಸಮ್ಮರ್‌ಟೀತ್ ಕೀಬೋರ್ಡಿನ ಹತ್ರಾನೂ ಯಾರೂ ಸುಳಿಯೋಕಾಗಲ್ಲ ಬಿಡು ಗಿರಿ, ಅದು ಬೆನೆಟ್ಟಿಂದೇ