ಪದಚರ್ಚೆ: ಜಪಾನಿನ 'ಸುಗಿ' ಮರವನ್ನು 'ದೇವದಾರು' ಎನ್ನಬಹುದೇ?

ಮಾನ್ಯರೇ,

ಜಪಾನಿನ ಮರಗೆಲಸವನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿರುವಾಗ 'ಜಪಾನೀಸ್ ಸೀಡರ್' ಎಂಬ ಹೆಸರು ಮತ್ತೆ ಮತ್ತೆ ಎದುರಾಗುತ್ತಿದೆ. 'ಸೀಡರ್' ಎಂದೊಡನೆ ನಾವು 'ದೇವದಾರು' ಎಂದು ಬರೆದುಬಿಡುತ್ತೇವೆ. ಕನ್ನಡ ಬೈಬಲಿನಲ್ಲಿ ಲೆಬನೋನಿನ ಮರಗಳೂ ದೇವದಾರುಗಳೇ. ಅಲ್ಲಿ ಅದು ಸಲ್ಲುತ್ತದೆ, ಏಕೆಂದರೆ ಲೆಬನೋನಿನ ಸೀಡರ್ ಮತ್ತು ಹಿಮಾಲಯದ ದೇವದಾರು ಒಂದೇ ಕುಲಕ್ಕೆ ಸೇರಿದವು. 'ಜಪಾನೀಸ್ ಸೀಡರ್' ಎಂಬುದು, ಅಂದರೆ ಜಪಾನೀಯರು 'ಸುಗಿ' ಎಂದು ಕರೆಯುವ ಮರಕ್ಕೂ ಇದೇ ಹೆಸರನ್ನು ಹಚ್ಚಬಹುದೇ ಎಂಬುದು ನನ್ನ ಪ್ರಶ್ನೆ.

ನನ್ನ ಮಟ್ಟಿಗೆ ಹಚ್ಚಬಾರದು. ಸಸ್ಯಶಾಸ್ತ್ರದಲ್ಲಿ ಕ್ರಿಪ್ಟೊಮೆರಿಯ ಜಪೋನಿಕ ಎನಿಸಿಕೊಂಡ ಸುಗಿ ಸೈಪ್ರಸ್ ಕುಟುಂಬದ್ದು. ದೇವದಾರು ಪೈನ್ ಕುಟುಂಬದ್ದು. ದೇವದಾರುವಿನ ಸೂಜಿಯೆಲೆಗಳು ಗಿಡ್ಡ ರೆಂಬೆಗಳ ತುದಿಯಲ್ಲಿ ಗೊಂಚಲಾಗಿ ಬಂದರೆ, ಸುಗಿಯ ಮೊನಚಾದ ಚಿಕ್ಕ ಎಲೆಗಳು ಒಳಕ್ಕೆ ಬಾಗಿ ರೆಂಬೆಯನ್ನು ಸುತ್ತಿಕೊಂಡು ಬೆಳೆಯುತ್ತವೆ. ಸಾಲದೆಂಬಂತೆ, ಬೇವಿನ ಕುಟುಂಬಕ್ಕೆ ಸೇರಿದ ಪಶ್ಚಿಮಘಟ್ಟದ ಮರವೊಂದು ನಮ್ಮಲ್ಲಿ 'ಬಿಳಿ ದೇವದಾರು' ಆಗಿ ಕುಳಿತಿದೆ. ಈಗಾಗಲೇ ಹೊರೆ ಹೊತ್ತ ಪದದ ಮೇಲೆ ಇನ್ನೊಂದು ಮರವನ್ನು ಹೇರುವುದು ಬೇಡ.

ಬ್ರಿಟಿಷರ ಕಾಲದಲ್ಲಿ ಡಾರ್ಜಿಲಿಂಗ್ ಬೆಟ್ಟಗಳಿಗೆ ಈ ಮರವನ್ನು ತಂದು ನೆಟ್ಟಾಗ ಅಲ್ಲಿನ ನೇಪಾಳಿ ಭಾಷಿಕರು ತಮ್ಮ 'ಧುಪಿ' ಎಂಬ ಹೆಸರನ್ನೇ ಇದಕ್ಕೂ ಕೊಟ್ಟರು. ಧುಪಿ ಎಂಬುದು ಜುನಿಪರಿಗೂ ಸಲ್ಲುವ ಹೆಸರು, ಜುನಿಪರ್ ಕೂಡ ಸೈಪ್ರಸ್ ಕುಟುಂಬದ್ದೇ. ಅವರ ಕಣ್ಣಳತೆ ನಮ್ಮ ಅನುವಾದಕರದ್ದಕ್ಕಿಂತ ಚೆನ್ನಾಗಿತ್ತು. ಆದರೆ ಆ ಪದವನ್ನು ನಾವು ಎರವಲು ತರುವಂತಿಲ್ಲ, ಏಕೆಂದರೆ ನಮ್ಮಲ್ಲಿ ಧೂಪದ ಮರ ಎಂದರೆ ಘಟ್ಟದ ಸಾಲುಧೂಪವೇ ನೆನಪಿಗೆ ಬರುತ್ತದೆ.

ಹಾಗಾಗಿ 'ಸುಗಿ' ಎಂದೇ ಉಳಿಸಿಕೊಂಡು, ಬೇಕಾದಲ್ಲಿ 'ಸುಗಿಮರ' ಎನ್ನುವುದು ಲೇಸೆಂದು ತೋರುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಇದೆ: ಜಪಾನಿನಲ್ಲಿ ನಾಟಾದ ದರ್ಜೆಯನ್ನೂ ಊರನ್ನೂ ಸೂಚಿಸುವ ಹೆಸರುಗಳು ಈ ಪದದ ಮೇಲೆಯೇ ನಿಂತಿವೆ. ಯಾಕುಶಿಮಾ ದ್ವೀಪದಲ್ಲಿ ಸಾವಿರ ವರ್ಷ ದಾಟಿದ ಮರ ಮಾತ್ರ 'ಯಾಕುಸುಗಿ'. ಅದಕ್ಕಿಂತ ಎಳೆಯದು 'ಕೊಸುಗಿ'. ನಾರಾ ಪ್ರಾಂತದ ಯೋಶಿನೊ ಸುಗಿಯನ್ನು ಒತ್ತೊತ್ತಾಗಿ ನೆಟ್ಟು ನಿಧಾನವಾಗಿ ಬೆಳೆಸುವುದರಿಂದ ಅದರ ವರ್ಷದ ಉಂಗುರಗಳು ಸಣ್ಣಗೆ, ಒಂದರ ಪಕ್ಕ ಒಂದು ಅಂಟಿಕೊಂಡಂತಿರುತ್ತವೆ. ಅಕ್ಕಿಯ ಮದ್ಯವಾದ ಸಾಕೆಯ ಪೀಪಾಯಿಗೆ ಹೆಸರಾದದ್ದು ಈ ಮರವೇ. ಉತ್ತಮ ಪೀಪಾಯಿಗೆ ಬೇಕಾದ ಪಟ್ಟಿಯನ್ನು ಕಾಂಡದ ನಡುವಿನ ಗಟ್ಟಿ ಭಾಗವಾದ ಕೆಂಪು ಚೇಗೂ ಅದರ ಸುತ್ತಲಿನ ಬಿಳಿಯ ಭಾಗವೂ ಕೂಡುವ ಗಡಿಯಲ್ಲಿ ಸೀಳುತ್ತಾರೆ. ಹೀಗೆ ಸೀಳಿದ ಪಟ್ಟಿಯ ಒಳಮೈ ಕೆಂಪು, ಹೊರಮೈ ಬಿಳುಪು.

ಇನ್ನು ಒಳಾಂಗಣ ವಿನ್ಯಾಸಕಾರರು 'ಶೋ ಸುಗಿ ಬಾನ್' ಎಂದು ಕರೆಯುವ, ಮೇಲ್ಮೈ ಸುಟ್ಟ ಹಲಗೆ. ಬರೆಯುವ ಅಕ್ಷರಗಳು ಅವೇ ಆದರೂ ಜಪಾನಿನಲ್ಲಿ ಅವನ್ನು 'ಯಾಕಿಸುಗಿ ಇತ' ಎಂದು ಓದುತ್ತಾರೆ. 'ಶೋ ಸುಗಿ ಬಾನ್' ಹೊರಗಿನವರ ತಪ್ಪು ಓದು, ಅದನ್ನು ನಾವು ಮುಂದುವರಿಸಬೇಕಾಗಿಲ್ಲ. ಮೂರು ಹಲಗೆಗಳನ್ನು ಚಿಮಣಿಯಂತೆ ತ್ರಿಕೋನವಾಗಿ ಕಟ್ಟಿ ನಿಲ್ಲಿಸಿ, ಬುಡದಲ್ಲಿ ಬೆಂಕಿಯಿಟ್ಟು ಒಳಮೈಯನ್ನು ಇದ್ದಿಲಾಗಿಸುವುದು ಇದರ ಸಾಂಪ್ರದಾಯಿಕ ಕ್ರಮ. 'ಕರಕಲು ಹಲಗೆ' ಎಂದರೆ ಅಗ್ನಿ ಅನಾಹುತದ ಸುದ್ದಿಯಂತೆ ಕೇಳುತ್ತದೆ. 'ಸುಟ್ಟ ಇಟ್ಟಿಗೆ' ಎನ್ನುವಾಗ ಸುಡುವುದು ಬಾಳಿಕೆಗಾಗಿ ಎಂಬ ಅರ್ಥ ಅದರಲ್ಲೇ ಇರುವುದರಿಂದ, ಅದೇ ಜಾಡಿನಲ್ಲಿ 'ಸುಟ್ಟ ಸುಗಿಹಲಗೆ' ಎಂದು ಬರೆಯುತ್ತಿದ್ದೇನೆ.

ಹಳಗನ್ನಡದಲ್ಲಿ 'ಸುಗಿ' ಎಂದರೆ ಹೆದರು ಎಂದರ್ಥ. ಇಂದಿನ ಓದುಗರಿಗೆ ಇದು ತೊಡಕಾಗದು ಎಂದುಕೊಂಡಿದ್ದೇನೆ, ಭಿನ್ನಾಭಿಪ್ರಾಯವಿದ್ದರೆ ತಿಳಿಸಿ. ಜೊತೆಗೆ, ಚೇಗಿನ ಸುತ್ತಲಿನ ಬಿಳಿಯ, ಮೆದುವಾದ ಭಾಗಕ್ಕೆ ಪಠ್ಯಪುಸ್ತಕದ 'ರಸಕಾಷ್ಠ'ವನ್ನು ಬಿಟ್ಟು ನಿಮ್ಮ ಕಡೆಯ ಬಡಗಿಗಳು, ಸಾಮಿಲ್ಲಿನವರು ಬಳಸುವ ಪದ ಯಾವುದೆಂದು ಊರಿನ ಹೆಸರಿನೊಂದಿಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ.