‘ಕರ್ಬ್ ವೇಟ್’ಗೆ ಕನ್ನಡ ಎಂತದು? ಸಂಜೆ ಆರರೊಳಗೆ ಬೇಕು

ಉಪ್ಪಳದಿಂದ, ಬೆಳಗ್ಗೆ 9.10

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಅವಸರ ಉಂಟು. ಕರ್ಬ್ ವೇಟ್ ಅಂದರೆ ಸಾಮಾನು ಹೇರದೆ ನಿಲ್ಲಿಸಿದ ಕಾರಿನ ತೂಕ. ನನ್ನ ಅಣ್ಣನ ಮಗ ದುಬೈಯಿಂದ ರಜೆಯಲ್ಲಿ ಬಂದಿದ್ದಾನೆ. ಅವನಿಗೂ ಅವನ ಗೆಳೆಯರಿಗೂ ಕಾರಿನ ಹುಚ್ಚು. ಆದಿತ್ಯವಾರ ಇಲ್ಲಿ ಹಳೆ ಕಾರುಗಳನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತಾರಂತೆ. ಜೊತೆಗೆ ಒಂದು ದೊಡ್ಡ ಫ್ಲೆಕ್ಸ್: ಸ್ಪೋರ್ಟ್ಸ್ ಕಾರುಗಳು ಮೊದಲು ಎಷ್ಟು ಹಗುರ ಇದ್ದವು, ಈಗ ಯಾಕೆ ಹೀಗಾದವು ಅಂತ. ಇಂಗ್ಲಿಷ್ ಅವನೇ ಬರೆದ. ಮಲಯಾಳ ಐದು ನಿಮಿಷದಲ್ಲಿ ಮುಗಿಯಿತು. ‘ಕರ್ಬ್ ವೆಯ್ಟ್’ ಅಂತ ಹಾಗೇ ಹಾಕಿಬಿಟ್ಟರು. ಕನ್ನಡ ನನ್ನ ಪಾಲಿಗೆ ಬಂತು.

ಅದರಲ್ಲಿರುವ ಲೆಕ್ಕ ಹೀಗೆ. ಪೋರ್ಷೆ 911, 1964ರದ್ದು ಸುಮಾರು 1,080 ಕಿಲೋ, ಈಗಿನದು 1,520. ಲೋಟಸ್ ಎಲೀಸ್ 1996ರಲ್ಲಿ ಬಂದಾಗ 725 ಕಿಲೋ ಆಸುಪಾಸು, ಅದೇ ಕಂಪೆನಿಯ ಈಗಿನ ಎಮೀರಾ 1,400ಕ್ಕೂ ಮೇಲೆ. ಬಿಎಂಡಬ್ಲ್ಯೂ ಎಂ5 ಮೊದಲನೆಯದು ಸುಮಾರು 1,430, 2024ರದ್ದು 2,435. ಇಲ್ಲೇ ನನಗೆ ತಲೆಬಿಸಿ. ಇನ್ನೊಂದು ಕಡೆ ಅದೇ ಕಾರಿಗೆ 2,510 ಅಂತ ಉಂಟು. ಎರಡನ್ನೂ ಕರ್ಬ್ ವೇಟ್ ಅಂತಲೇ ಹೇಳುತ್ತಾರೆ.

ಇನ್ನೊಂದು ಸಂಶಯ. ತಲೆಬರಹ ‘ಕಾರು ಯಾಕೆ ಭಾರವಾಯ್ತು’ ಅಂತ ಇರಬೇಕಾ, ‘ತೂಕ ಯಾಕೆ ಹೆಚ್ಚಿತು’ ಅಂತ ಇರಬೇಕಾ?

ನೀರ್ಚಾಲಿನಿಂದ, 9.45

ಅಕ್ಕ, ‘ಕರ್ಬ್’ ಮಾತ್ರ ಹಾಕಬೇಡಿ. ಹಳಗನ್ನಡ ಓದಿದವನಿಗೆ ಕರ್ಬು ಅಂದರೆ ಕಬ್ಬು. ಕರ್ಬುನ ಅಂದರೆ ಕಬ್ಬಿಣ. ಇಂಗ್ಲಿಷಿನಲ್ಲಿ ಅದು ಕಾಲುದಾರಿಯ ಅಂಚಿನ ಕಲ್ಲು, ಅಲ್ಲಿ ನಿಲ್ಲಿಸಿದ ಕಾರಿನ ತೂಕ. ಉಪ್ಪಳದಲ್ಲಿ ಅಂಥ ಅಂಚು ಎಲ್ಲಿದೆ? ಹೆದ್ದಾರಿ ಅಗೆದು ಹಾಕಿದ ಮೇಲೆ ಅಂಚೂ ಇಲ್ಲ, ದಾರಿಯೂ ಇಲ್ಲ.

ಭಾರ ಸಂಸ್ಕೃತದ್ದು. ತೂಕ ನಮ್ಮದು, ತೂಗು ಎಂಬುದರಿಂದ ಬಂದದ್ದು. ತೊಟ್ಟಿಲು ತೂಗುವುದು, ಕೂತಲ್ಲೇ ತೂಕಡಿಸುವುದು ಎಲ್ಲ ಅದೇ ಬೇರು. ಹೇರಿದ್ದಕ್ಕೆ ಹೊರೆ ಎಂಬ ಪದ ಇದೆ. ಬ್ರಹ್ಮಕಲಶಕ್ಕೆ ತರಕಾರಿ, ತೆಂಗಿನಕಾಯಿ ತುಂಬಿಸಿ ಹೊರೆಕಾಣಿಕೆ ಕಳಿಸುವ ಊರು ನಮ್ಮದು. ಹಾಗಾಗಿ ಹೇರುವ ಮೊದಲಿನದು ‘ಮೈತೂಕ’, ಹೇರಿದ ಮೇಲಿನದು ‘ಹೊರೆತೂಕ’. ಮುಗಿಯಿತು.

ಬೆಂಗಳೂರಿನಿಂದ, 10.20

ಮುಗಿದಿಲ್ಲ. ಕಿಲೋದಲ್ಲಿ ಹೇಳಿದರೆ ಅದು ತೂಕವೇ ಅಲ್ಲ, ದ್ರವ್ಯರಾಶಿ. ತೂಕವನ್ನು ನ್ಯೂಟನ್‌ನಲ್ಲಿ ಹೇಳಬೇಕು. ಹೈಸ್ಕೂಲ್ ಪಾಠ ಇದು.

ಬದಿಯಡ್ಕದಿಂದ, 10.50

ನ್ಯೂಟನ್‌ ಲೆಕ್ಕದಲ್ಲಿ ಯಾವ ಅಂಗಡಿಯವರು ಅಕ್ಕಿ ಕೊಡುತ್ತಾರೆ ಮಾರಾಯ್ರೇ?

ನನ್ನದು ಜಲ್ಲಿ ಸಾಗಿಸುವ ಲಾರಿ. ವೇಬ್ರಿಡ್ಜಿಗೆ ಮೊದಲು ಲಾರಿ ಮಾತ್ರ ಹತ್ತಿಸುತ್ತೇವೆ, ತುಂಬಿದ ಮೇಲೆ ಇನ್ನೊಮ್ಮೆ. ನಾವು ಹೇಳುವುದು ‘ಖಾಲಿ ತೂಕ’, ‘ಲೋಡ್ ತೂಕ’. ಇಷ್ಟು ವರ್ಷದಲ್ಲಿ ಯಾರೂ ‘ಅಂದರೆ ಎಂತ’ ಅಂತ ಕೇಳಿದ್ದಿಲ್ಲ.

ಇನ್ನೊಂದು ವಿಷಯ. ಖಾಲಿ ತೂಗುವಾಗ ಕ್ಲೀನರ್ ಒಳಗೆ ಕೂತು, ಲೋಡ್ ತೂಗುವಾಗ ಇಳಿದರೆ ಜಲ್ಲಿಯ ಲೆಕ್ಕದಲ್ಲಿ ಒಬ್ಬ ಮನುಷ್ಯನಷ್ಟು ತಪ್ಪುತ್ತದೆ. ಒಮ್ಮೆ ಹಾಗೆ ಆಗಿ ಜಗಳವೂ ಆಗಿದೆ. ಅಕ್ಕ ಬರೆದ ಎರಡು ಲೆಕ್ಕ ಕಳೆದು ನೋಡಿದೆ. 75 ಕಿಲೋ. ಆ ಕಾರಿನಲ್ಲಿ ಯಾರೋ ಕೂತಿದ್ದಾರೆ.

ಪುಣೆಯಿಂದ, ಮೂಲ ಮಂಜೇಶ್ವರ, 12.30

ಬದಿಯಡ್ಕದ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಯುರೋಪಿನ ಒಕ್ಕೂಟದ ಲೆಕ್ಕದಲ್ಲಿ 75 ಕಿಲೋದ ಚಾಲಕನನ್ನೂ ಸೇರಿಸುತ್ತಾರೆ. ಜರ್ಮನಿಯ ಡಿಐಎನ್ ಎಂಬ ಮಾನದಂಡದ ಲೆಕ್ಕದಲ್ಲಿ ಸೇರಿಸುವುದಿಲ್ಲ. ಪೆಟ್ರೋಲು ಎರಡರಲ್ಲೂ ಇದೆ, ಟ್ಯಾಂಕಿಯ ಶೇಕಡಾ 90ರಷ್ಟು. ಇದು ಬಿಟ್ಟು ‘ಡ್ರೈ ವೇಟ್’ ಅಂತ ಒಂದುಂಟು. ಅದರಲ್ಲಿ ಪೆಟ್ರೋಲು, ಆಯಿಲ್, ನೀರು ಯಾವುದೂ ಇಲ್ಲ. ಕಾರು ಹಗುರ ಅಂತ ತೋರಿಸಬೇಕಾದರೆ ಕಂಪೆನಿಯವರು ಅದನ್ನೇ ಹೇಳುತ್ತಾರೆ. ನೀರ್ಚಾಲಿನ ಮಾಷ್ಟ್ರ ‘ಮೈತೂಕ’ ಚಂದದ ಪದ. ಆದರೆ ಅದು ಡ್ರೈ ವೇಟಿಗೆ ಸರಿಯಾಗುತ್ತದೆ, ಇದಕ್ಕಲ್ಲ.

ಯಾಕೆ ಹೆಚ್ಚಿತು ಎಂಬ ಭಾಗ ನಾನೇ ಬರೆದುಕೊಡುತ್ತೇನೆ. ಎಲ್ಲರೂ ಬ್ಯಾಟರಿಯನ್ನೇ ದೂರುತ್ತಾರೆ. ಎಂ5ಗೆ ಅದು ಒಪ್ಪುವ ಮಾತು. ಮೊದಲನೆಯದಕ್ಕೆ ಆರು ಸಿಲಿಂಡರ್, ಹಿಂದಿನ ಚಕ್ರಕ್ಕೆ ಮಾತ್ರ ಓಟ. ಈಗ ವಿ8 ಎಂಜಿನ್ನಿನ ಜೊತೆಗೆ ಮೋಟಾರು, ಬ್ಯಾಟರಿ, ನಾಲ್ಕೂ ಚಕ್ರಕ್ಕೆ ಓಟ. ಆದರೆ ಸಾದಾ 911 ಕರೆರಾದಲ್ಲಿ ಅಂಥ ಬ್ಯಾಟರಿ ಎಲ್ಲಿದೆ? ಅದಕ್ಕೂ 400 ಕಿಲೋ ಏರಿದೆಯಲ್ಲ. ಕಾರೇ ಮೊದಲಿಗಿಂತ ಅಗಲ, ಉದ್ದ. ಡಿಕ್ಕಿಯಾದರೆ ಒಳಗಿನವರು ಉಳಿಯಲಿ ಅಂತ ಬಾಗಿಲಿನ ಒಳಗೆ ಉಕ್ಕಿನ ತೊಲೆ, ಗಟ್ಟಿ ಕಂಬಗಳು, ಸುತ್ತ ಏರ್‌ಬ್ಯಾಗ್. ಯುರೋ ಎನ್‌ಕ್ಯಾಪ್ 1997ರಲ್ಲಿ ಕಾರು ಗುದ್ದಿಸಿ ನಕ್ಷತ್ರ ಕೊಡಲು ಶುರು ಮಾಡಿದ ಮೇಲೆ ಇದನ್ನೆಲ್ಲ ಯಾರಿಗೂ ಬಿಡುವ ಹಾಗಿಲ್ಲ. ಎರಡು ಟರ್ಬೊ, ಎರಡು ಕ್ಲಚ್ಚಿನ ಗೇರ್‌ಬಾಕ್ಸ್, ಸೀಟಿಗೆ ಮೋಟಾರು, ಶಬ್ದ ತಡೆಯುವ ಪದರ, ಮಾರುಗಟ್ಟಲೆ ವೈರು.

ಕೆಟ್ಟದ್ದು ಇದರ ಮುಂದಿನದು. ತೂಕ ಹೆಚ್ಚಿದರೆ ನಿಲ್ಲಿಸಲು ದೊಡ್ಡ ಬ್ರೇಕ್ ಬೇಕು. ಆ ಬ್ರೇಕ್ ಕೂರಲು ದೊಡ್ಡ ಚಕ್ರ ಬೇಕು. 911ರಲ್ಲಿ ಮೊದಲು 15 ಇಂಚಿನ ಚಕ್ರ, ಈಗ ಮುಂದೆ 19, ಹಿಂದೆ 20. ಇದನ್ನೆಲ್ಲ ಎಳೆಯಲು ಹೆಚ್ಚು ಶಕ್ತಿಯ ಎಂಜಿನ್ ಬೇಕು. ಅದು ಇನ್ನೂ ತೂಕ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಇದರಿಂದ ತಪ್ಪಿಸಿಕೊಂಡದ್ದು ಮಾಜ್ದಾ ಎಂಎಕ್ಸ್-5. 1989ರಲ್ಲಿ ಬಂದ ಕಾರು. 2015ರದ್ದು ಉದ್ದದಲ್ಲಿ ಮೊದಲಿನದಕ್ಕಿಂತ ಗಿಡ್ಡ, ತೂಕ ಇನ್ನೂ ಒಂದು ಟನ್ನಿನ ಆಸುಪಾಸು. ಅಕ್ಕ, ಅದನ್ನೂ ಫ್ಲೆಕ್ಸಿಗೆ ಸೇರಿಸಿ.

ನೀರ್ಚಾಲಿನಿಂದ, 2.15

ಕಾರಿನ ಪುರಾಣ ಸಾಕು. ‘ಖಾಲಿ’ ಅರಬ್ಬಿ ಪದ. ಕಾಸರಗೋಡಿನಲ್ಲಿ ಕನ್ನಡದ ಬೋರ್ಡು ಬೇಕು ಅಂತ ಕಚೇರಿ ಕಚೇರಿ ಅಲೆದವರು ನಾವು. ಅಷ್ಟು ಮಾಡಿ ಅರಬ್ಬಿಯನ್ನೂ ಇಂಗ್ಲಿಷನ್ನೂ ಕನ್ನಡದ ಅಕ್ಷರದಲ್ಲಿ ಬರೆಯುವುದಾದರೆ ಇಂಗ್ಲಿಷ್, ಮಲಯಾಳದ ಕೆಳಗೆ ಆ ಮೂರನೇ ಸಾಲು ಯಾರಿಗೆ?

ಬದಿಯಡ್ಕದಿಂದ, 2.20

ನಮಗೆ. ‘ಬೋರ್ಡು’, ‘ಕಚೇರಿ’ ಇವು ಯಾವ ಹಳಗನ್ನಡ ಮಾಷ್ಟ್ರೇ?

ನೀರ್ಚಾಲಿನಿಂದ, 2.24

ಚರ್ಚೆಗೆ ಒಂದು ಮರ್ಯಾದೆ ಇರಲಿ.

ಬೆಂಗಳೂರಿನಿಂದ, 2.40

ದ್ರವ್ಯರಾಶಿ ಎಂದೇ ಬರೆಯಿರಿ. ಮಕ್ಕಳು ಬಂದು ಓದುತ್ತಾರೆ.

ಪುಣೆಯಿಂದ, 3.05

ಮಕ್ಕಳು ಓದುವುದಿಲ್ಲ, ಕಾರಿನ ಎದುರು ಸೆಲ್ಫಿ ತೆಗೆಯುತ್ತಾರೆ. ತಲೆಬರಹದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ‘ತೂಕದ ಕಾರು’ ಅಂತ ಎಲ್ಲೂ ಬರೆಯಬೇಡಿ. ತೂಕದ ಮನುಷ್ಯ, ತೂಕದ ಮಾತು ಅಂದರೆ ಹೊಗಳಿಕೆ. ‘ಭಾರವಾಯ್ತು’ ಅಂದರೆ ದೂರು ಕೇಳಿಸುತ್ತದೆ. ನಿಮ್ಮ ಹುಡುಗರದ್ದು ದೂರೇ ಅಲ್ವಾ? ಸಂಸ್ಕೃತ ಆದರೂ ಇಲ್ಲಿ ಭಾರವೇ ಸರಿ.

ಉಪ್ಪಳದಿಂದ, 5.50

ಕಳಿಸಿ ಆಯ್ತು. ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಕನ್ನಡ ಬರುವುದಿಲ್ಲ. ‘ದ್ರವ್ಯರಾಶಿ’ಯ ಒತ್ತು ಎರಡು ಸಲ ಬೇರೆಲ್ಲೋ ಹೋಗಿ ಕೂತಿತು. ಆಗಲೇ ಅದನ್ನು ಬಿಟ್ಟೆ. ‘ಮೈತೂಕ’ ನನಗೆ ತುಂಬ ಇಷ್ಟ ಆಗಿತ್ತು ಮಾಷ್ಟ್ರೇ, ಬೇಸರ ಮಾಡಬೇಡಿ. ಅಣ್ಣನ ಮಗ ಅದನ್ನು ಓದಿ, ಕಾರು ಜಿಮ್ಮಿಗೆ ಹೋಗುತ್ತದಾ ಅಂತ ಕೇಳಿದ.

ಹಾಕಿದ್ದು ಇಷ್ಟು. ಮೇಲೆ ‘ಕಾರು ಯಾಕೆ ಭಾರವಾಯ್ತು?’ ಕೆಳಗೆ ‘ಖಾಲಿ ತೂಕ’. ಅದರ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಪೆಟ್ರೋಲ್ ಇದೆ, ಒಳಗೆ ಯಾರೂ ಇಲ್ಲ’. ಎಂ5ಗೆ 2,435 ಅಂತಲೇ ಇಟ್ಟೆ. ಎಂಎಕ್ಸ್-5ಗೆ ಜಾಗ ಸಾಕಾಗಲಿಲ್ಲ.

ನೀರ್ಚಾಲಿನಿಂದ, 6.20

ಖಾಲಿ ಅರಬ್ಬಿ, ಪೆಟ್ರೋಲ್ ಇಂಗ್ಲಿಷ್, ಭಾರ ಸಂಸ್ಕೃತ. ತೂಕ ಒಂದು ಉಳಿಯಿತು. ಆದಿತ್ಯವಾರ ಎಷ್ಟು ಗಂಟೆಗೆ?